ಬೆರ್ರಿಯೆಸಾದ ಎರಡನೇ ಡಿಕಾಕ್ಷನ್

ಅಮೆರಿಕದಿಂದ ಮಂಡ್ಯಕ್ಕೆ ವಾಪಸು ಬಂದ ಮೇಲೆ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: ‘ಸ್ಯಾನ್ ಫ್ರಾನ್ಸಿಸ್ಕೋದ ಆ ಕೆಂಪು ಸೇತುವೆ ನೋಡಿದ್ರಾ?’ ನೋಡಿದೆ. ಮಂಜು ಕವಿದಿದ್ದರಿಂದ ಅರ್ಧ ಸೇತುವೆ ಕಾಣಿಸಿತು. ಉಳಿದರ್ಧ ಇದೆ ಎಂದು ಜೊತೆಯಲ್ಲಿದ್ದವರು ಹೇಳಿದರು, ಒಪ್ಪಿಕೊಂಡೆ. ಸೇತುವೆಯ ಬಗ್ಗೆ ಹೋಗಿಬಂದವರೆಲ್ಲ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಒಂದು ಚಮಚ ಟೀ ಎಲೆಯ ದೆಸೆಯಿಂದ ನನ್ನ ತಂಗಿಗೆ ಸಿಗಬೇಕಾದ ಮನೆ ಕೈತಪ್ಪುವುದರಲ್ಲಿದ್ದ ಕಥೆ. ತಪ್ಪು ಟೀಯದ್ದಲ್ಲ, ನನ್ನದು.

ಮೂವತ್ತು ವರ್ಷದಿಂದ ನಾನೂ ನಮ್ಮ ಯಜಮಾನರೂ ಕಾಫಿ ಪುಡಿ ಅಂಗಡಿ ನಡೆಸುತ್ತಿದ್ದೇವೆ. ಬೀಜ ಹುರಿಯುವುದು ಅವರು, ‘ಸಾಕು, ಇಳಿಸಿ’ ಎನ್ನುವುದು ನಾನು. ಚಿಕೋರಿ ಒಂದು ಚಿಟಿಕೆ ಹೆಚ್ಚಾಗಿದ್ದರೂ ಬಾಗಿಲಲ್ಲೇ ಹೇಳಿಬಿಡುತ್ತೇನೆ. ಹಾಗಾಗಿ ನನ್ನ ಮೂಗಿನ ಬಗ್ಗೆ ನನಗೆ ಸ್ವಲ್ಪ ಜಂಬ. ಅದೇ ಮೂಗಿನ ತುದಿಯಲ್ಲಿ ಕೋಪವೂ ಇದೆ ಎನ್ನುವುದು ಯಜಮಾನರ ದೂರು. ಆ ದೂರನ್ನು ನಾನು ಈ ಪ್ರವಾಸದ ತನಕ ಒಪ್ಪಿರಲಿಲ್ಲ.

ಸ್ಯಾನ್ ಮಟಿಯೋ

ಹೋದದ್ದು ಅಲ್ಲಿರುವ ತಂಗಿ ವತ್ಸಲಾಳ ಎರಡನೇ ಬಾಣಂತನಕ್ಕೆ. ಅವಳ ಗಂಡ ರಘು ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಫ್ರೀವೇಯ ಎರಡೂ ಬದಿಯಲ್ಲಿ ಸಿನಿಮಾ ಪರದೆಯಷ್ಟು ದೊಡ್ಡ ಬೋರ್ಡುಗಳು, ಎಲ್ಲದರ ಕೊನೆಯಲ್ಲೂ ಡಾಟ್ ಕಾಮ್. ರಘು ಕೂಡ ಅಂಥದ್ದೇ ಒಂದು ಕಂಪನಿಯಲ್ಲಿದ್ದರು. ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿ.

‘ಮುಟ್ಟಿ ನೋಡದೆ ಪರದೆ ಯಾರು ತಗೋತಾರೆ ರಘು?’ ಎಂದೆ, ವ್ಯಾಪಾರದವಳಲ್ಲವೆ.

‘ಇನ್ನೂ ಯಾರೂ ಅಷ್ಟಾಗಿ ತಗೊಂಡಿಲ್ಲ ಅಕ್ಕ. ಆದ್ರೆ ಕಂಪನಿ ತುಂಬಾ ಚೆನ್ನಾಗಿ ನಡೀತಿದೆ’ ಎಂದರು. ಅವರ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ನಮ್ಮ ಯಜಮಾನರಿಗೆ ಈ ವಿದ್ಯೆ ಗೊತ್ತಾಗಬಾರದು ಎಂದುಕೊಂಡೆ.

ಅಪಾರ್ಟ್‌ಮೆಂಟು ಚೆನ್ನಾಗಿಯೇ ಇತ್ತು. ಆದರೆ ಒಳಗೆಲ್ಲ ರಟ್ಟಿನ ಡಬ್ಬಗಳು. ಕಟ್ಟಡ ಕೈಬದಲಾಗಿ, ಹೊಸ ಮಾಲೀಕರು ಎಲ್ಲರನ್ನೂ ಏಪ್ರಿಲ್ ಕೊನೆಗೆ ಖಾಲಿ ಮಾಡಿ ಎಂದಿದ್ದರು. ವತ್ಸಲಾಗೆ ದಿನ ತುಂಬುವುದು ಮೇ ತಿಂಗಳಲ್ಲಿ. ಊರಿನಲ್ಲಿ ಮನೆಗಳೇ ಇರಲಿಲ್ಲ. ಕಂಪ್ಯೂಟರಿನ ಹುಡುಗ ಹುಡುಗಿಯರು ಜಗತ್ತಿನ ಮೂಲೆ ಮೂಲೆಯಿಂದ ಬಂದು ಇದ್ದಬದ್ದ ಕೋಣೆಯನ್ನೆಲ್ಲ ಹಿಡಿದಿದ್ದರು.

ನಮ್ಮಲ್ಲಿ ಬಾಡಿಗೆಗೆ ಹೋಗುವವರು ನೀರು ಬರುತ್ತಾ, ಮಾಳಿಗೆ ಸೋರುತ್ತಾ ಎಂದು ಮಾಲೀಕರನ್ನೇ ವಿಚಾರಿಸುತ್ತಾರೆ. ಅಲ್ಲಿ ನಡೆಯುತ್ತಿದ್ದದ್ದು ಹೆಣ್ಣು ನೋಡುವ ಶಾಸ್ತ್ರ. ಮನೆ ಗಂಡಿನ ಕಡೆ, ನಾವು ಹೆಣ್ಣಿನ ಕಡೆ. ಒಂದು ಮನೆಗೆ ಮೂವತ್ತು ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತು, ಒಬ್ಬೊಬ್ಬರೂ ತಮ್ಮ ಗುಣಗಾನದ ಫೈಲು ಒಪ್ಪಿಸಿ, ಹಲ್ಲು ಕಾಣುವಂತೆ ನಕ್ಕು ಹೋಗುವುದು. ಒಬ್ಬ ತನ್ನ ನಾಯಿಗೂ ಒಂದು ಬಯೋಡೇಟಾ ಮಾಡಿಸಿ ತಂದಿದ್ದ, ಫೋಟೋ ಸಮೇತ. ಆ ನಾಯಿಯ ವಿದ್ಯಾಭ್ಯಾಸದ ಮುಂದೆ ನಮ್ಮದೇನು ಎಂದು ವತ್ಸಲಾ ನಗುತ್ತಿದ್ದಳು. ನಗುತ್ತ ನಗುತ್ತ ಸೊಂಟ ಹಿಡಿದುಕೊಂಡು ಕಾರಿನೊಳಗೆ ಹೋಗಿ ಕೂರುತ್ತಿದ್ದಳು.

ಭಾನುವಾರ, ಬೆರ್ರಿಯೆಸಾ

ಹೀಗೆ ಏಳೆಂಟು ಕಡೆ ಬೇಡವೆನಿಸಿಕೊಂಡ ಮೇಲೆ ಸ್ಯಾನ್ ಹೋಸೆಯ ಬೆರ್ರಿಯೆಸಾದಲ್ಲಿ ಒಂದು ಮನೆ ಗೊತ್ತಾಯಿತು. ಮಾಲೀಕರು ಲಿನ್ ಎನ್ನುವ ಚೀನೀ ಹೆಂಗಸು. ಎಪ್ಪತ್ತರ ಹತ್ತಿರದ ವಿಧವೆ, ಹಿಂದಿನ ಎರಡು ಕೋಣೆಯಲ್ಲಿ ತಾವಿದ್ದು ಮುಂದಿನ ಮನೆಯನ್ನು ಕೊಡುವವರಿದ್ದರು. ಬೇರೆಯವರ ಹಾಗೆ ಸಾಲು ನಿಲ್ಲಿಸದೆ ಒಂದೊಂದು ಕುಟುಂಬವನ್ನೂ ಬೇರೆ ಬೇರೆ ಹೊತ್ತಿಗೆ ಕರೆಯುತ್ತಿದ್ದರು. ‘ಮನೆಯವರೆಲ್ಲ ಬನ್ನಿ, ಟೀ ಕುಡಿಯೋಣ’ ಎಂದು ಫೋನಿನಲ್ಲಿ ಹೇಳಿದ್ದರಂತೆ. ನಾವು ಐದು ಜನ ಹೋದೆವು: ರಘು, ವತ್ಸಲಾ, ಏಳು ವರ್ಷದ ಮಗಳು ಅನು, ನಾನು, ಮತ್ತೆ ಹೊಟ್ಟೆಯೊಳಗಿನದು.

ಅಂಗಳದಲ್ಲಿ ಹುಲ್ಲಿನ ಬದಲು ಈರುಳ್ಳಿ ಪಾತಿ. ಅದನ್ನು ನೋಡಿದ ಕೂಡಲೇ ನನಗೆ ಆ ಹೆಂಗಸು ಇಷ್ಟವಾದರು. ಒಳಗೆ ಮೇಜಿನ ಮೇಲೆ ನೀರು ಇಳಿದುಹೋಗಲು ಸೀಳುಗಳಿದ್ದ ಒಂದು ಮರದ ತಟ್ಟೆ, ಅದರ ಮೇಲೆ ಮಕ್ಕಳ ಆಟದ ಸಾಮಾನಿನಷ್ಟು ಪುಟ್ಟ ಪಿಂಗಾಣಿ ಕುಡಿಕೆ, ಒಂದೆರಡು ಗುಟುಕು ಹಿಡಿಯುವ ಬಟ್ಟಲುಗಳು. ಒಂದು ತಗಡಿನ ಡಬ್ಬ ತೆಗೆದು, ಎಲೆಯನ್ನು ಬಿಳಿ ತಟ್ಟೆಗೆ ಸುರಿದು ಎಲ್ಲರ ಮುಂದೆ ಹಿಡಿದರು. ಕೀಮನ್ ಎನ್ನುವ ಟೀ, ಗಂಡನ ಊರಿನ ಕಡೆಯದು, ಗಂಡನ ತಂಗಿಯ ಮಗ ವರ್ಷಕ್ಕೊಂದು ಡಬ್ಬ ಕಳಿಸುತ್ತಾನೆ ಎಂದರು. ಆಕೆಯ ಇಂಗ್ಲಿಷು ನನ್ನ ಇಂಗ್ಲಿಷಿನಂತೆಯೇ ಕುಂಟುತ್ತಿದ್ದರಿಂದ ನನಗೆ ವತ್ಸಲಾಳ ಇಂಗ್ಲಿಷಿಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು.

ರಘು ತಟ್ಟೆ ನೋಡಿ ‘ನೈಸ್’ ಎಂದರು. ನಾನು ತಟ್ಟೆಯನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದೆ. ಜೀರಿಗೆಯಷ್ಟು ಸಣ್ಣಗೆ ಹೊಸೆದ ಕಪ್ಪು ಎಲೆ, ಅಲ್ಲಲ್ಲಿ ಬಂಗಾರದ ತುದಿ. ಮೊದಲು ಜೇನಿನ ವಾಸನೆ. ಆಮೇಲೆ ಎಲ್ಲೋ ದೂರದಲ್ಲಿ ಗುಲಾಬಿ. ಎಲ್ಲಕ್ಕಿಂತ ಕೆಳಗೆ, ಹದವಾಗಿ ಹುರಿದದ್ದರ ಒಂದು ಸಣ್ಣ ಬಿಸಿ ವಾಸನೆ, ನನ್ನ ಕಸುಬಿನದೇ ನೆಂಟ. ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ವತ್ಸಲಾ ಸೀರೆ ಜಗ್ಗಿದಳು. ಟೀ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಶುಂಠಿ ಜಜ್ಜಿ ಹಾಕಿ ಕುದಿಸುವುದು ಎಂದು ತಿಳಿದಿದ್ದವಳಿಗೆ ನಾಚಿಕೆಯಾಯಿತು.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಲಿನ್ ಅಮ್ಮ ಕುಡಿಕೆಗೆ ಎಲೆ ಹಾಕಿದರು, ಬಿಸಿನೀರು ಸುರಿದರು, ಮುಚ್ಚಳ ಮುಚ್ಚಿದರು. ಮತ್ತೆ ನಾಲ್ಕು ಉಸಿರು ಆಗುವಷ್ಟರಲ್ಲಿ ಅಷ್ಟನ್ನೂ ಬಸಿದು ಮರದ ತಟ್ಟೆಯ ಮೇಲೆ ಚೆಲ್ಲಿಬಿಟ್ಟರು!

ಮೊದಲನೇ ಡಿಕಾಕ್ಷನ್! ಕಾಫಿ ಕುಡಿಯುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿಲ್ಟರಿನಲ್ಲಿ ಮೊದಲು ಇಳಿಯುವುದೇ ಕಾಫಿ. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಇಳಿಸಿದ್ದು ಎರಡನೆಯದು, ಯಾರು ಬಂದರೆ ಹೋದರೆ ನಮಗೇನೂ ಇಲ್ಲವೋ ಅಂಥವರಿಗೆ. ಆಕೆ ಮೊದಲನೆಯದನ್ನು ಚೆಲ್ಲಿ, ಅದೇ ಎಲೆಗೆ ಮತ್ತೆ ನೀರು ಹಾಕಿ, ಅದನ್ನು ನಮ್ಮ ಬಟ್ಟಲುಗಳಿಗೆ ಬಗ್ಗಿಸಿದರು. ಕೊಡದಿದ್ದರೆ ಕೊಡದಿರಲಿ, ಒಳ್ಳೆಯದನ್ನು ನಮ್ಮ ಕಣ್ಣೆದುರೇ ಚೆಲ್ಲಿ ಕೆಟ್ಟದ್ದನ್ನು ಕೊಡುವುದೆಂದರೇನು?

ಇದರ ಹಿಂದೆ ನನ್ನದೊಂದು ಹಳೇ ಹುಣ್ಣಿದೆ. ಮದುವೆಯಾಗಿ ಹೋದ ಮನೆಯಲ್ಲಿ ಮೂರು ವರ್ಷ ನನಗೆ ಸಿಕ್ಕಿದ್ದು ಎರಡನೇ ಡಿಕಾಕ್ಷನ್ನೇ. ಕಾಫಿ ಪುಡಿ ಮಾರುವವರ ಮನೆ, ಮೂಟೆ ಮೂಟೆ ಬೀಜ, ಆದರೂ ಸೊಸೆಗೆ ಎರಡನೆಯದು. ಅತ್ತೆ ಕೆಟ್ಟವರಾಗಿರಲಿಲ್ಲ. ಅವರಿಗೂ ಅವರ ಅತ್ತೆ ಹಾಗೆಯೇ ಕೊಟ್ಟಿದ್ದರು. ಆದರೆ ಅಡುಗೆಮನೆ ಮೂಲೆಯಲ್ಲಿ ನಿಂತು ಆ ಕಲಗಚ್ಚನ್ನು ಕುಡಿಯುವಾಗ ನಾನು ಶಪಥ ಮಾಡಿದ್ದೆ, ಸ್ವಂತ ಕೈಗೆ ಕಾಸು ಬಂದ ಮೇಲೆ ಯಾರು ಕೊಟ್ಟರೂ ಎರಡನೆಯದನ್ನು ಮುಟ್ಟುವುದಿಲ್ಲ ಎಂದು.

ಲಿನ್ ಅಮ್ಮ ಬಟ್ಟಲನ್ನು ನನ್ನ ಮುಂದಿಟ್ಟರು. ನಾನು ಅದರ ಮೇಲೆ ಅಂಗೈ ಮುಚ್ಚಿದೆ.

‘ಏಳು ವತ್ಸಲಾ’ ಎಂದೆ ಕನ್ನಡದಲ್ಲಿ. ‘ಮರ್ಯಾದೆ ಇಲ್ಲದ ಕಡೆ ಮನೆ ಬೇಡ.’

‘ಅಕ್ಕಾ, ಪ್ಲೀಸ್. ಸುಮ್ನೆ ಒಂದು ಗುಟುಕು ಕುಡಿ’ ಎಂದು ತಂಗಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. ಮುಖದಲ್ಲಿ ಮಾತ್ರ ನಗೆ ಇಟ್ಟುಕೊಂಡಿದ್ದಳು.

ಲಿನ್ ಅಮ್ಮ ನನ್ನ ಕೈಯನ್ನೂ ಮುಖವನ್ನೂ ನೋಡಿದರು. ‘ಟೀ ಇಷ್ಟ ಇಲ್ಲ?’ ಎಂದು ಕೇಳಿದರು.

‘ನೋ. ಥ್ಯಾಂಕ್ಸ್’ ಎಂದೆ. ಆ ಥ್ಯಾಂಕ್ಸನ್ನು ನಾನು ಹೇಳಿದ ರೀತಿಗೆ ಬಯ್ಗುಳವೇ ವಾಸಿಯಿತ್ತು. ಆಕೆ ಕುಡಿಕೆಯ ಮುಚ್ಚಳ ಮುಚ್ಚಿ, ತುಂಬ ಜನ ನೋಡಿಕೊಂಡು ಹೋಗಿದ್ದಾರೆ, ಶುಕ್ರವಾರ ಫೋನ್ ಮಾಡುತ್ತೇನೆ ಎಂದು ಎದ್ದರು.

ಫ್ರೀವೇ, ವಾಪಸು

ಕಾರು ಫ್ರೀವೇ ಹತ್ತಿದ ಕೂಡಲೇ ವತ್ಸಲಾ ಶುರುಮಾಡಿದಳು.

‘ಅವರು ಏನು ಕೊಟ್ಟರೂ ಕುಡೀಬೇಕಿತ್ತು ಅಕ್ಕ. ವಿಷ ಏನೂ ಅಲ್ವಲ್ಲ. ಆಸ್ಪತ್ರೆಯಿಂದ ಮಗುನ ಎಲ್ಲಿಗೆ ಕರ್ಕೊಂಡು ಬರ್ಲಿ ನಾನು? ಮೋಟೆಲಿಗಾ?’

‘ನಿನಗೋಸ್ಕರವೇ ಕಣೆ ನಾನು...’

‘ನನಗೋಸ್ಕರ ಅಲ್ಲ. ನಿನ್ನ ಅತ್ತೆ ಮೇಲಿನ ಸಿಟ್ಟು ಅದು. ಮೂವತ್ತು ವರ್ಷದ್ದನ್ನ ಇಲ್ಲಿಗೆ ತಂದು ಕಕ್ಕಿದೆ’ ಎಂದು ಅಳಲು ಶುರುಮಾಡಿದಳು. ರಘು ಪಾಪ, ‘ಹೋಗ್ಲಿ ಬಿಡು, ಇನ್ನೊಂದು ನೋಡೋಣ’ ಎಂದರು. ಇನ್ನೊಂದು ಇಲ್ಲ ಎನ್ನುವುದು ಅವರಿಗೂ ಗೊತ್ತಿತ್ತು.

ಬಾಣಂತನ ಮಾಡಲು ಸಾವಿರಾರು ಮೈಲಿ ಹಾರಿ ಬಂದು, ಬಾಣಂತಿ ಮಲಗುವ ಮನೆಯನ್ನೇ ಕಳೆದಿದ್ದೆ. ಎರಡು ದಿನ ಮೆಂತ್ಯದ ಹಿಟ್ಟು, ಅಂಟಿನುಂಡೆ ಎಂದು ಅಡುಗೆಮನೆಯಲ್ಲೇ ಇದ್ದುಬಿಟ್ಟೆ. ತಂಗಿ ಬೇಕಾದಷ್ಟೇ ಮಾತಾಡಿದಳು.

ಬುಧವಾರ, ಚೈನಾಟೌನ್

ಬುಧವಾರ ವತ್ಸಲಾಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಾಕ್ಟರ ಭೇಟಿಯಿತ್ತು. ಅನುವಿಗೆ ಶಾಲೆಗೆ ರಜೆ. ಮೂವರೂ ರೈಲಿನಲ್ಲಿ ಹೋದೆವು. ಡಾಕ್ಟರು ಎಲ್ಲ ಸರಿಯಾಗಿದೆ ಎಂದ ಮೇಲೆ ಅನು ಚೈನಾಟೌನಿಗೆ ಹೋಗಲೇಬೇಕು ಎಂದು ಹಟ ಹಿಡಿದಳು. ಅಲ್ಲಿ ಕಾಲಿಟ್ಟರೆ ನಮ್ಮ ಪೇಟೆಬೀದಿಯೇ! ಫುಟ್‌ಪಾತಿನ ಮೇಲೆ ಸೊಪ್ಪು, ಒಣಶುಂಠಿ, ಜೋರುದನಿಯ ಚೌಕಾಶಿ. ಬಂದು ಮೂರು ವಾರದ ಮೇಲೆ ಮೊದಲ ಸಲ ಯಾರೋ ನನ್ನನ್ನು ಮೊಣಕೈಯಿಂದ ತಳ್ಳಿಕೊಂಡು ಹೋದರು. ಹಾಯೆನಿಸಿತು.

ವತ್ಸಲಾಗೆ ಕೂರಬೇಕಿತ್ತು. ಎದುರಿಗೆ ಕಂಡ ಟೀ ಅಂಗಡಿಗೆ ನುಗ್ಗಿದೆವು. ಅಂಗಡಿಯವನು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ನಡುವಯಸ್ಸಿನವನು. ನಾನು ಡಬ್ಬಗಳ ಮುಂದೆ ನಿಂತು ಮೂಸುವುದನ್ನು ಕಂಡು, ಕಸುಬಿನವಳು ಎಂದು ಗುರುತಿಸಿದನೋ ಏನೋ, ಒಂದು ಡಬ್ಬ ಕೆಳಗಿಳಿಸಿದ. ಮುಚ್ಚಳ ತೆಗೆದ ಕೂಡಲೇ ನನಗೆ ಗೊತ್ತಾಯಿತು. ಅದೇ ಜೇನು, ಅದೇ ಗುಲಾಬಿ. ‘ಕೀಮನ್!’ ಎಂದೆ. ಅವನು ಸಂತೋಷದಿಂದ ಮೂವರಿಗೂ ಸ್ಟೂಲು ಹಾಕಿ ಟೀ ಮಾಡಲು ಕೂತ.

ಎಲೆ ಹಾಕಿದ. ನೀರು ಸುರಿದ. ಚೆಲ್ಲಿದ!

‘ಅನು, ಕೇಳೇ. ಮೊದಲನೇದನ್ನ ಯಾಕೆ ಚೆಲ್ತಾನೆ ಅಂತ ಕೇಳು’ ಎಂದೆ. ಹುಡುಗಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. ಅವಳು ಕೇಳಿದಳು, ಅವನು ನಗುತ್ತ ಏನೋ ಹೇಳಿದ.

‘ದೊಡ್ಡಮ್ಮ, ಫಸ್ಟ್ ಒನ್ ಈಸ್ ನಾಟ್ ಫಾರ್ ಪೀಪಲ್’ ಎಂದಳು ಅನು. ‘ಇಟ್ಸ್ ಜಸ್ಟ್ ಟು ವಾಶ್ ದ ಲೀಫ್.’

ಉಳಿದದ್ದನ್ನು ವತ್ಸಲಾ ಬಿಡಿಸಿ ಹೇಳಿದಳು. ಮೊದಲನೇ ನೀರು ಎಲೆಯ ಧೂಳು ತೊಳೆದು ಅದನ್ನು ಎಬ್ಬಿಸುವುದಕ್ಕೆ, ಬಟ್ಟಲು ಬಿಸಿ ಮಾಡುವುದಕ್ಕೆ. ಎರಡನೆಯದು ಅತಿಥಿಗೆ. ಮೂರನೆಯದು ಇನ್ನೂ ಚೆನ್ನ. ಇಂಥ ಎಲೆಯನ್ನು ತೊಳೆಯದೆ ಕುಡಿಯುವವರೂ ಇದ್ದಾರಂತೆ, ಒಂದೊಂದು ಮನೆಯದು ಒಂದೊಂದು ಪದ್ಧತಿ. ಆದರೆ ತೊಳೆಯುವ ಮನೆಯಲ್ಲಿ ಅತಿಥಿಗೆ ಯಾರೂ ಆ ಮೊದಲನೇ ನೀರು ಕೊಡುವುದಿಲ್ಲ. ಕೊಟ್ಟರೆ ಅವಮಾನ.

ಅವನು ಬಟ್ಟಲು ಮುಂದಿಟ್ಟ. ಕುದಿದ ನೀರನ್ನು ಒಂದು ಗಳಿಗೆ ಆರಲು ಬಿಟ್ಟು ಹಾಕಿದ್ದ. ನಮ್ಮ ಹಾಗೆ ಎಲೆಯನ್ನು ಕುದಿಸಿ ಪ್ರಾಣ ತೆಗೆಯುವುದಿಲ್ಲ ಅವರು. ನೀರು ಹಾಕಿ ಸ್ವಲ್ಪವೇ ಹೊತ್ತಿಗೆ ಪೂರ್ತಿ ಬಸಿದುಬಿಡಬೇಕು, ಎಲೆ ನೀರಿನಲ್ಲಿ ಕೂತರೆ ಒಗರಾಗುತ್ತದೆ. ಹಾಲು ಸಕ್ಕರೆ ಸದ್ಯಕ್ಕೆ ಬೇಡ. ಕುಡಿಯುವ ಮೊದಲು ಕುಡಿಕೆಯ ಮುಚ್ಚಳ ಮೂಸಬೇಕು, ಪರಿಮಳವೆಲ್ಲ ಅಲ್ಲಿ ಕೂತಿರುತ್ತದೆ. ಆಮೇಲೆ ಸೊರ್ ಎಂದು ಗಾಳಿಯ ಸಮೇತ ಎಳೆದು ಕುಡಿಯಬೇಕು. ಇದು ನನಗೆ ಹೇಳಿಕೊಡಬೇಕಾಗಿರಲಿಲ್ಲ, ಕಾಫಿ ರುಚಿ ನೋಡುವುದೂ ಹಾಗೆಯೇ. ನಾನು ಎಳೆದ ಸದ್ದಿಗೆ ಅಂಗಡಿಯವನು ತಲೆದೂಗಿದ, ಅನು ಮುಖ ಮುಚ್ಚಿಕೊಂಡಳು.

ಬಟ್ಟಲೊಳಗೆ ಅದು ಕಪ್ಪಲ್ಲ, ಕೆಂಪು. ಅವರು ಕೆಂಪು ಟೀ ಎಂದೇ ಕರೆಯುವುದು. ಮೊದಲ ಗುಟುಕಿಗೆ ಏನೂ ಇಲ್ಲವೆನಿಸಿತು. ಬಟ್ಟಲು ಕೆಳಗಿಟ್ಟ ಮೇಲೆ, ಗಂಟಲಿನಿಂದ ಮೇಲಕ್ಕೆ, ನಿಧಾನವಾಗಿ ಸಿಹಿ ಬಂತು. ನಮ್ಮ ಕಾಫಿ ಬಾಗಿಲು ಬಡಿದು ಒಳಗೆ ಬರುತ್ತದೆ. ಇದು ಹೋದ ಮೇಲೆ ಬರುವಂಥದ್ದು. ಅದೇ ಎಲೆಗೆ ಮೂರನೇ ಸಲ, ನಾಲ್ಕನೇ ಸಲ ನೀರು ಹಾಕಿದ, ಪ್ರತಿ ಸಲವೂ ಬೇರೆ ರುಚಿ. ಆ ಮುದುಕಿ ವರ್ಷಕ್ಕೊಂದೇ ಬರುವ ಡಬ್ಬದಿಂದ ನಮಗೆ ಉತ್ತಮವಾದದ್ದನ್ನೇ ಕೊಟ್ಟಿದ್ದರು. ನಾನು ಕೈ ಮುಚ್ಚಿದ್ದೆ.

ರೈಲಿನಲ್ಲಿ ವತ್ಸಲಾ ಮೊದಲು ಬಿದ್ದು ಬಿದ್ದು ನಕ್ಕಳು. ‘ಇಷ್ಟು ವರ್ಷ ಇಲ್ಲಿದ್ದು ನಂಗೂ ಗೊತ್ತಿರ್ಲಿಲ್ಲ ನೋಡು’ ಎಂದಳು. ಆಮೇಲೆ ನೆನಪಾಗಿ ಸಪ್ಪಗಾದಳು. ‘ಈಗ ಏನು ಮಾಡೋಕಾಗುತ್ತೆ?’

‘ನಾಳೆ ಹೋಗೋಣ. ಕ್ಷಮೆ ಕೇಳ್ತೀನಿ.’

‘ಫೋನ್ ಮಾಡ್ದೆ ಇಲ್ಲಿ ಯಾರೂ ಯಾರ ಮನೆಗೂ ಹೋಗಲ್ಲ ಅಕ್ಕ.’

‘ಕ್ಷಮೆ ಕೇಳೋಕೂ ಅಪಾಯಿಂಟ್‌ಮೆಂಟ್ ತಗೋಬೇಕೇನೆ?’ ಎಂದೆ.

ಗುರುವಾರ, ಮತ್ತೆ ಬೆರ್ರಿಯೆಸಾ

ಲಿನ್ ಅಮ್ಮ ದೊಡ್ಡ ಟೋಪಿ ಹಾಕಿಕೊಂಡು ಈರುಳ್ಳಿ ಪಾತಿಗೆ ನೀರು ಬಿಡುತ್ತಿದ್ದರು. ನಮ್ಮಿಬ್ಬರನ್ನು ನೋಡಿದಾಗ ಅವರ ಮುಖದಲ್ಲಿ ಬನ್ನಿ ಎನ್ನುವುದೂ ಇಲ್ಲ, ಹೋಗಿ ಎನ್ನುವುದೂ ಇಲ್ಲ. ವತ್ಸಲಾಳ ಹೊಟ್ಟೆ ನೋಡಿ ಬಾಗಿಲು ತೆರೆದರು. ಒಳಗೆ ಮೇಜಿನ ಮೇಲೆ ಬಣ್ಣ ಬಣ್ಣದ ಫೈಲುಗಳ ಒಂದು ರಾಶಿ. ನಮ್ಮದು ಎಲ್ಲಿತ್ತೋ, ಮೇಲಂತೂ ಇರಲಿಲ್ಲ.

ನಾನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಹೊಸಿಲಲ್ಲೇ ಉದುರಿಹೋದವು. ಕೈ ಮುಗಿದು ‘ಸಾರಿ’ ಎಂದೆ. ‘ಭಾನುವಾರ ತಪ್ಪು. ನನ್ನ ತಪ್ಪು. ತಂಗಿಯದ್ದಲ್ಲ.’

ಆಕೆ ಕುರ್ಚಿ ತೋರಿಸಿದರು. ‘ಯಾಕೆ ಕೈ ಮುಚ್ಚಿದಿರಿ?’ ಎಂದರು. ‘ನನಗೆ ಅದೇ ಯೋಚನೆ. ಎಲ್ಲರೂ ಕುಡಿದು ನೈಸ್ ನೈಸ್ ಅಂತಾರೆ. ಯಾರೂ ಮೂಸಲ್ಲ. ನೀವು ಮೂಸಿದಿರಿ, ಅಷ್ಟು ಹೊತ್ತು. ಆಮೇಲೆ ಕುಡಿಯಲಿಲ್ಲ. ನನ್ನ ಟೀ ಕೆಟ್ಟಿತ್ತಾ?’

ನಾಲ್ಕು ದಿನ ಆಕೆಯನ್ನು ಕಾಡಿದ್ದು ಅವಮಾನವಲ್ಲ, ಟೀ ಕೆಟ್ಟಿತ್ತೋ ಎನ್ನುವ ಅನುಮಾನ! ಕಸುಬಿನವಳಾಗಿ ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಮಾಡಿದ ಮೇಲೆ ಅರ್ಧ ಸತ್ಯ ಹೇಳಿ ಪ್ರಯೋಜನವಿಲ್ಲ ಎಂದು ಎಲ್ಲವನ್ನೂ ಹೇಳಿದೆ. ಫಿಲ್ಟರು, ಮೊದಲನೇ ಡಿಕಾಕ್ಷನ್, ಎರಡನೇ ಡಿಕಾಕ್ಷನ್, ಅತ್ತೆ, ಅಡುಗೆಮನೆ ಮೂಲೆ, ಮೂರು ವರ್ಷ. ನನ್ನ ಇಂಗ್ಲಿಷು ಮುಗಿದ ಕಡೆ ಕೈಸನ್ನೆ, ಕೈಸನ್ನೆ ಮುಗಿದ ಕಡೆ ವತ್ಸಲಾ.

ಲಿನ್ ಅಮ್ಮ ಎದ್ದು ಒಳಗೆ ಹೋದರು. ಮುಗಿಯಿತು, ಹೊರಡೋಣ ಎಂದು ವತ್ಸಲಾ ಬ್ಯಾಗು ಹುಡುಕುವಷ್ಟರಲ್ಲಿ ಆಕೆ ಬಿಸಿನೀರಿನ ಪಾತ್ರೆ ಹಿಡಿದು ಬಂದರು. ಕುಡಿಕೆಗೆ ಎಲೆ ಹಾಕಿ ನೀರು ಸುರಿದರು. ನಾಲ್ಕು ಉಸಿರು. ಈ ಸಲ ಚೆಲ್ಲಲಿಲ್ಲ. ಅದನ್ನೇ ಒಂದು ಬಟ್ಟಲಿಗೆ ಬಗ್ಗಿಸಿ ನನ್ನ ಮುಂದೆ ತಳ್ಳಿದರು.

‘ಕುಡಿಯಿರಿ’ ಎಂದರು.

ಮೊದಲನೇ ನೀರು. ಕೊಟ್ಟರೆ ಅವಮಾನ ಎಂದು ನಿನ್ನೆಯಷ್ಟೇ ಕಲಿತಿದ್ದೆ. ಸರಿ, ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಕುಡಿದೆ. ಧೂಳಿನ ವಾಸನೆಯ ಬಿಸಿನೀರು. ಟೀ ಬರುವ ಸುದ್ದಿ ಬಂದಿತ್ತು, ಟೀ ಇನ್ನೂ ಬಂದಿರಲಿಲ್ಲ.

‘ಹೇಗಿದೆ?’

‘ಚೆನ್ನಾಗಿಲ್ಲ’ ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

‘ನನ್ನ ಅತ್ತೆ ನನಗೆ ಕೊಡ್ತಿದ್ದದ್ದು ಇದು’ ಎಂದರು ಲಿನ್ ಅಮ್ಮ. ‘ಹನ್ನೊಂದು ವರ್ಷ.’

ವತ್ಸಲಾ ಅದನ್ನು ಕನ್ನಡಕ್ಕೆ ತರುವ ಮೊದಲೇ ನನಗೆ ನಗು ಬಂದಿತ್ತು. ಆಕೆಗೂ ಬಂತು. ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕೆ, ಆಮೇಲೆ ಮೇಜು ಬಡಿದು ನಕ್ಕೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಂಡ್ಯದ ಅತ್ತೆ ಎರಡನೆಯದನ್ನು ಕೊಟ್ಟರು, ಚೀನಾದ ಅತ್ತೆ ಮೊದಲನೆಯದನ್ನು ಕೊಟ್ಟರು. ಇಬ್ಬರು ಅತ್ತೆಯರೂ ಒಂದು ವಿಷಯದಲ್ಲಿ ಮಾತ್ರ ತಪ್ಪು ಮಾಡಿರಲಿಲ್ಲ: ಯಾವುದು ಕೆಟ್ಟದ್ದೋ ಅದನ್ನು ಸರಿಯಾಗಿ ಹುಡುಕಿ ಸೊಸೆಗೆ ಎತ್ತಿಟ್ಟಿದ್ದರು.

ನಗು ನಿಂತ ಮೇಲೆ ಲಿನ್ ಅಮ್ಮ ವತ್ಸಲಾಳ ಕಡೆ ತಿರುಗಿ ಪಕ್ಕದ ಕೋಣೆಯನ್ನು ಬೆರಳಿನಿಂದ ತೋರಿಸಿದರು. ‘ಆ ರೂಮಿಗೆ ಬೆಳಿಗ್ಗೆ ಬಿಸಿಲು ಬರುತ್ತೆ. ಮಗುವನ್ನು ಅಲ್ಲಿ ಮಲಗಿಸಿ’ ಎಂದರು.

ವತ್ಸಲಾ ಇದನ್ನೂ ನನಗೆ ಹೇಳಲು ಬಾಯಿ ತೆರೆದಳು. ಹೇಳುವ ಬದಲು ಎದ್ದು ಹೋಗಿ ಆ ಕೋಣೆಯ ಬಾಗಿಲಲ್ಲಿ ನಮಗೆ ಬೆನ್ನು ಮಾಡಿ ನಿಂತುಕೊಂಡಳು. ಹೋಗಿ ಹಿಡಿದುಕೊಳ್ಳೋಣ ಎನಿಸಿತು, ಆದರೆ ಲಿನ್ ಅಮ್ಮ ಆಗಲೇ ಅದೇ ಎಲೆಗೆ ಮತ್ತೆ ನೀರು ಹಾಕಿ ಬಸಿಯುತ್ತಿದ್ದರು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಒಂದು ಮನೆಯಲ್ಲಿ ಎರಡನೆಯದನ್ನು ಕೂತು ಕುಡಿದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಮುಗಿಸಿ, ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡೆ.